ಒಂದು ಹನಿ ರಕ್ತ ಸಾಲದು



ಹೊನ್ನಾಳಿಯಲ್ಲಿ ನಮ್ಮ ನೆರೆಮನೆಯ ಹುಡುಗನಿಗೆ ಐದು ದಿನವಾದರೂ ಜ್ವರ ಇಳಿಯಲಿಲ್ಲ. ಟೈಫಾಯ್ಡ್ ಇರಬಹುದೆಂದು ವೈದ್ಯರು ರಕ್ತದ ಕಲ್ಚರ್ ಪರೀಕ್ಷೆಗೆ ಬರೆದುಕೊಟ್ಟರು. ರಕ್ತ ದಾವಣಗೆರೆಗೆ ಹೋಯಿತು.

"ಆಪಾ, ನಮ್ಮತ್ತೆ ಶುಗರ್ ಮನೇಲೇ ಐದು ಸೆಕೆಂಡಿಗೆ ಗೊತ್ತಾಗುತ್ತೆ. ಇದಕ್ಯಾಕೆ ಮೂರು ದಿನ?" ಎಂದು ಆ ತಾಯಿ ಕೇಳಿದಳು. ಚನ್ನಗಿರಿ, ನ್ಯಾಮತಿ, ಜಗಳೂರಿನ ತಾಯಂದಿರೂ ಕೇಳಬಹುದಾದ ಪ್ರಶ್ನೆಯಿದು.

ಶುಗರ್ ಪಟ್ಟಿಯ ಮೇಲೆ ಒಂದು ಕಿಣ್ವವಿರುತ್ತದೆ. ಅದು ರಕ್ತದ ಸಕ್ಕರೆಯೊಡನೆ ಸೇರಿದಾಗ ಅತಿ ಸಣ್ಣ ವಿದ್ಯುತ್ ಹರಿಯುತ್ತದೆ. ಸಕ್ಕರೆ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು. ಯಂತ್ರ ಅದನ್ನೇ ಅಂಕಿಯಾಗಿ ತೋರಿಸುತ್ತದೆ. ಇಂಥ ಸಾಧನಕ್ಕೆ ಬಯೋಸೆನ್ಸರ್ ಎಂದು ಹೆಸರು. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಇದರ ದಾರಿ ತೋರಿಸಿದರು.

ಕಿಣ್ವದ ಜಾಗದಲ್ಲಿ ಒಂದು ರೋಗಾಣುವನ್ನು ಮಾತ್ರ ಗುರುತಿಸುವ ಪ್ರತಿಕಾಯವನ್ನಿಟ್ಟರೆ, ಆ ರೋಗಾಣು ಬಂದು ಅಂಟಿಕೊಂಡಾಗಲೂ ವಿದ್ಯುತ್ತಿನಲ್ಲಿ ವ್ಯತ್ಯಾಸವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ನವಕಾಂತ ಭಟ್ ಮತ್ತು ಸಂಗಡಿಗರು ಕಟ್ಟಿದ ಪಾತ್‌ಶೋಧ್ ಕಂಪನಿ, 2021ರಲ್ಲಿ ವಿದ್ಯುತ್ ಅಳೆಯುವ ಇಂಥದೇ ಕೋವಿಡ್ ಪರೀಕ್ಷೆಗೆ ಕೇಂದ್ರ ಸರಕಾರದ ಪರವಾನಗಿ ಪಡೆಯಿತು. ಆದರೆ ಅದು ಹುಡುಕುವುದು ವೈರಸ್ಸನ್ನಲ್ಲ, ವೈರಸ್ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯಗಳನ್ನು.

ರೋಗಾಣುವನ್ನೇ ಹಿಡಿಯುವುದು ಹೆಚ್ಚು ಕಷ್ಟ. ಸಕ್ಕರೆ ಒಂದು ಹನಿ ರಕ್ತದಲ್ಲೂ ಧಾರಾಳವಾಗಿರುತ್ತದೆ. ಟೈಫಾಯ್ಡ್ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಬ್ಯಾಕ್ಟೀರಿಯಾ ಇದ್ದರೆ ಹೆಚ್ಚು. ಹನಿ ರಕ್ತದಲ್ಲಿ ಒಂದೂ ಸಿಗದಿರಬಹುದು. ಆದ್ದರಿಂದಲೇ ಹೆಚ್ಚು ರಕ್ತ ತೆಗೆದು, ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಬಿಟ್ಟು ಕಾಯುತ್ತಾರೆ. ಹಾಲಿಗೆ ಹೆಪ್ಪು ಹಾಕಿ ಬೆಳಗಾಗುವವರೆಗೆ ನಾವು ಕಾಯುವುದಿಲ್ಲವೇ, ಹಾಗೆ. ಈ ತೊಡಕನ್ನು ಬಿಡಿಸಲು ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲೂ ಕೆಲಸವಿದೆ. ಹಿಂದಿನ ಜ್ವರಕ್ಕೆ ತಂದು ಉಳಿದ ಆಂಟಿಬಯೋಟಿಕ್ ಮಾತ್ರೆಯನ್ನು ನಾವೇ ಮಗುವಿಗೆ ಕೊಡಬಾರದು. ಕೊಟ್ಟರೆ ಇದ್ದ ನಾಲ್ಕು ಬ್ಯಾಕ್ಟೀರಿಯಾಗಳೂ ಬಾಟಲಿಯಲ್ಲಿ ಬೆಳೆಯದೆ, ರೋಗವಿದ್ದೂ ಇಲ್ಲವೆಂಬ ವರದಿ ಬರಬಹುದು. ಕೊಟ್ಟುಬಿಟ್ಟಿದ್ದರೆ ವೈದ್ಯರಲ್ಲಿ ಮುಚ್ಚಿಡಬೇಡಿ. ರಕ್ತ ತೆಗೆದ ಮೇಲೆ, ಅಗತ್ಯವೆನಿಸಿದರೆ ವರದಿಗೆ ಕಾಯದೆ ವೈದ್ಯರೇ ಔಷಧಿ ಆರಂಭಿಸುತ್ತಾರೆ. ವರದಿ ಬಂದ ಬಳಿಕ ಅದನ್ನು ಬದಲಿಸಲೂಬಹುದು. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಡಿ.

ನೆರೆಮನೆಯ ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ. ಹಳೆಯ ಮಾತ್ರೆಗಳಿದ್ದ ಡಬ್ಬಿಯನ್ನು ಅವನ ತಾಯಿ ಖಾಲಿ ಮಾಡಿದ್ದಾಳೆ. ನಮ್ಮ ಮನೆಯ ಡಬ್ಬಿಯನ್ನೂ ಇಂದು ಒಮ್ಮೆ ತೆರೆದು ನೋಡೋಣ.