ಗಡಿಯಲ್ಲಿ ಒಂದು ಲೋಟ ಕಾಫಿ

ಮನೆಗೆ ಬಂದವರಿಗೆ ಮೊದಲು ಕೈಕಾಲು ತೊಳೆಯಲು ನೀರು, ಆಮೇಲೆ ಬಾಯಾರಿಕೆಗೆ ಬೆಲ್ಲ-ನೀರೋ ಕಾಫಿಯೋ, ಕೊನೆಗೆ ಕವಳದ ತಟ್ಟೆ. ಈ ಕ್ರಮವನ್ನು ಬೆಳೆಗಾರ ಬಾಂಧವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮನೆಯ ಮಟ್ಟಿಗೆ ಇಷ್ಟು ನಿಷ್ಠೆಯಿಂದ ನಡೆಸಿಕೊಂಡು ಬಂದಿರುವ ಮರ್ಯಾದೆಯನ್ನು ನಾಡಿನ ಬಾಗಿಲಲ್ಲಿ ನಾವು ಮರೆತಿದ್ದೇವೆ. ಪುಣೆ, ಕೊಲ್ಹಾಪುರದ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕರ್ನಾಟಕಕ್ಕೆ ಕಾಲಿಡುವವನಿಗೆ ನಿಪ್ಪಾಣಿ ತಾಲೂಕಿನ ಕೊಗನೊಳಿಯಲ್ಲಿ ಮೊದಲು ಎದುರಾಗುವುದು ಟೋಲ್ ಕಟ್ಟೆ. ಇನ್ನೂ ಸ್ವಲ್ಪ ದೂರ ಬಂದರೆ ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ಮತ್ತೊಂದು. ಬಂದವರನ್ನು ಬಾಗಿಲಲ್ಲೇ ತಡೆದು ಕೈಯೊಡ್ಡುವ ಯಜಮಾನನನ್ನು ನಮ್ಮ ಊರುಗಳಲ್ಲಿ ಏನೆಂದು ಕರೆಯುತ್ತಾರೆಂದು ಬರೆಯುವುದು ಬೇಡ.

ಗಡಿ ಎಂದರೆ ತಪಾಸಣೆ ಎಂಬ ಅಭ್ಯಾಸ ಸರಕಾರಗಳಿಗೂ ಹಳೆಯದು, ನಮಗೂ ಹಳೆಯದು. ಅಡಿಕೆ ತುಂಬಿದ ಲಾರಿ ಮಹಾರಾಷ್ಟ್ರ, ಗುಜರಾತಿನ ಪೇಟೆಗೆ ಹೊರಟರೆ ಗಡಿ ಠಾಣೆಯಲ್ಲಿ ಎಷ್ಟು ಹೊತ್ತು ನಿಲ್ಲಬೇಕಾದೀತೆಂಬ ಲೆಕ್ಕವನ್ನೂ ಬಾಡಿಗೆಯೊಳಗೆ ಸೇರಿಸಬೇಕಾಗಿದ್ದ ಕಾಲವನ್ನು ನಾವು ಕಂಡವರು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ವಾಣಿಜ್ಯ ತೆರಿಗೆಯ ಆ ಠಾಣೆಗಳ ಕಾಲ ಮುಗಿಯಿತು. 2021ರಲ್ಲಿ ಕೊರೊನಾ ಪರೀಕ್ಷೆಯ ಕಾಗದ ಕೇಳಲು ಮತ್ತೆ ಅಲ್ಲೇ ಅಡ್ಡಪಟ್ಟಿ ಬಿತ್ತು. ಎರಡು ರಾಜ್ಯಗಳ ನಡುವೆ ಮಾತು ಬಿಸಿಯಾದಾಗ ಬಸ್ಸು ನಿಲ್ಲುವುದೂ ಇದೇ ಗಡಿಯಲ್ಲಿ. ನಿಲ್ಲಿಸುವುದಕ್ಕೆ ಇಷ್ಟು ಕಾರಣಗಳು ಸಿಕ್ಕಿದ ಜಾಗದಲ್ಲಿ ಉಪಚರಿಸುವುದಕ್ಕೆ ಒಂದು ಕಾರಣ ಸಿಕ್ಕಬಾರದೇ ಎಂಬುದು ನಮ್ಮ ಪ್ರಶ್ನೆ.

ಈ ಪ್ರಶ್ನೆ ಬಂದದ್ದು ಕಳೆದ ಚಳಿಗಾಲದಲ್ಲಿ. ನಾಲ್ಕು ಮನೆಯವರು ಒಂದು ವ್ಯಾನು ಮಾಡಿಕೊಂಡು ಪಂಢರಪುರಕ್ಕೆ ಹೋಗಿದ್ದೆವು. ಪ್ರಯಾಣವೆಂದರೆ ನಮ್ಮ ಹೆಂಗಸರು ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಏಕೆಂದು ಎಲ್ಲರಿಗೂ ಗೊತ್ತು, ಯಾರೂ ಸಭೆಯಲ್ಲಿ ಮಾತಾಡುವುದಿಲ್ಲ. ಬರುವಾಗ ಹೆದ್ದಾರಿಯ ಬದಿಯಲ್ಲಿ ಎರಡು ಕಡೆ ನಿಲ್ಲಿಸಿದೆವು. ಒಂದು ಕಡೆ ಶೌಚಾಲಯಕ್ಕೆ ಬೀಗ, ಇನ್ನೊಂದು ಕಡೆ ನಲ್ಲಿ ಇದೆ, ನೀರಿಲ್ಲ. ಗೋಕಾಕ ಜಲಪಾತ ನೋಡಿಕೊಂಡೇ ಹೋಗೋಣವೆಂದು ಹೆದ್ದಾರಿ ಬಿಟ್ಟು ಹುಕ್ಕೇರಿಯ ಕಡೆ ತಿರುಗಿದವರು ಘೋಡಗೇರಿಯ ಹತ್ತಿರ ಕಬ್ಬಿನ ಗದ್ದೆಯ ಪಕ್ಕದ ಒಂದು ಮನೆಯ ಮುಂದೆ ವ್ಯಾನು ನಿಲ್ಲಿಸಿ, ಸಂಕೋಚದಿಂದಲೇ ಕೇಳಿದೆವು. "ಅದಕ್ಯಾಕ ನಾಚ್ಕೋತೀರಿ, ಒಳಗ ಬರ್ರಿ" ಎಂದು ಆ ಮನೆಯ ಅಜ್ಜಿ ಹೆಂಗಸರನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಹನ್ನೊಂದು ಮಂದಿಗೂ ಬೆಲ್ಲ, ತಂಬಿಗೆಯಲ್ಲಿ ನೀರು, ಅದಾದ ಮೇಲೆ ಬಿಡದೆ ಚಹಾ.

ಹೊರಡುವಾಗ ವ್ಯಾನಿನಲ್ಲಿದ್ದ ನಮ್ಮ ತೋಟದ ಕಾಫಿ ಪುಡಿಯ ಪೊಟ್ಟಣವೊಂದನ್ನು ಅಜ್ಜಿಯ ಕೈಗೆ ಕೊಟ್ಟೆವು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೂಸಿ, "ಇದನ್ನ ಹೆಂಗ ಮಾಡೋದ್ರಿ?" ಎಂದು ಕೇಳಿದರು.

ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಬೆಳೆಯುವ ರಾಜ್ಯ ನಮ್ಮದು. ಅದರ ಒಂದು ಜಿಲ್ಲೆಯ ಮನೆಯಲ್ಲಿ ಈ ಪ್ರಶ್ನೆ! ತಪ್ಪು ಅಜ್ಜಿಯದಲ್ಲ, ಅದು ಚಹಾದ ಸೀಮೆ. ನಮ್ಮ ಪೊಟ್ಟಣದ ಮೇಲೆ ತೋಟದ ಚಿತ್ರವಿದೆ, ಆನೆಯ ಚಿತ್ರವಿದೆ, ಡಿಕಾಕ್ಷನ್ ಇಳಿಸುವುದು ಹೇಗೆಂದು ಒಂದು ಸಾಲೂ ಇಲ್ಲ. ಫಿಲ್ಟರ್ ಇಲ್ಲದ ಮನೆಯವರು ಬಟ್ಟೆಯಲ್ಲಿ ಸೋಸಬಹುದೆಂದು ಕನ್ನಡದಲ್ಲಿ, ಮರಾಠಿಯಲ್ಲಿ, ಹಿಂದಿಯಲ್ಲಿ ಅಚ್ಚು ಹಾಕಿಸಲು ಎಷ್ಟು ಖರ್ಚು? ಬೆಳೆದ ಕಾಫಿಯಲ್ಲಿ ಹೆಚ್ಚಿನ ಪಾಲು ಹಡಗು ಹತ್ತಿ ಹೋಗುತ್ತದೆ, ಪರದೇಶದ ಪೇಟೆ ಮುಗ್ಗರಿಸಿದ ವರ್ಷ ನಾವೂ ಮುಗ್ಗರಿಸುತ್ತೇವೆ. ಆಗ ಮಾತ್ರ "ಒಳನಾಡಿನಲ್ಲಿ ಕಾಫಿ ಕುಡಿಯುವವರು ಹೆಚ್ಚಬೇಕು" ಎಂಬ ಭಾಷಣ ಕೇಳಿಬರುತ್ತದೆ.

ಹಿಂದಿನವರು ಭಾಷಣಕ್ಕೆ ನಿಂತಿರಲಿಲ್ಲ. 1930ರ ದಶಕದಲ್ಲಿ ಬೆಲೆ ಕುಸಿದಿದ್ದಾಗ, 1935ರಲ್ಲಿ ಕಾಫಿ ಸೆಸ್ ಸಮಿತಿ ಹುಟ್ಟಿತು; ಮರುವರ್ಷವೇ ಅದು ಮುಂಬಯಿಯಲ್ಲಿ ಕಾಫಿ ಹೌಸ್ ತೆರೆಯಿತು. ಕಾಫಿಯ ಮೇಲಿನ ಸೆಸ್ಸಿನ ಹಣದಿಂದ ಕಾಫಿ ಕುಡಿಯುವ ಅಭ್ಯಾಸವನ್ನು ಊರಿಂದ ಊರಿಗೆ ಹಬ್ಬಿಸಿದ ಕೆಲಸ ಅದು. ಮುಂದೆ ಮಂಡಳಿ ಆ ಅಂಗಡಿಗಳಿಂದ ಕೈತೊಳೆದುಕೊಳ್ಳಲು ಹೊರಟಾಗ ಅದರ ಕೆಲಸಗಾರರೇ ಸಹಕಾರ ಸಂಘ ಕಟ್ಟಿ 1957ರಿಂದ ನಡೆಸಿದರು. ಸಹಕಾರದ ಹೆಸರು ಹೇಳುವ ನಮಗೆ ಇದಕ್ಕಿಂತ ಹತ್ತಿರದ ಪಾಠ ಬೇಕಿಲ್ಲ.

ಹೊರದೇಶದ್ದೂ ಎರಡು ಮಾತು. ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೆದ್ದಾರಿ ದಾಟುವಲ್ಲಿ ಸ್ವಾಗತ ಕೇಂದ್ರಗಳಿರುತ್ತವೆ. ಮೊದಲನೆಯದನ್ನು 1935ರಲ್ಲಿ ಮಿಷಿಗನ್ ರಾಜ್ಯ ತೆರೆಯಿತು. ಶೌಚಾಲಯ, ನೀರು, ನಕ್ಷೆ, ದಾರಿ ಹೇಳಲು ಒಬ್ಬ ಮನುಷ್ಯ. ಕಿತ್ತಳೆ ಬೆಳೆಯುವ ಫ್ಲಾರಿಡಾ ರಾಜ್ಯದಲ್ಲಿ 1949ರಲ್ಲಿ ಇಂಥ ಕೇಂದ್ರ ಆರಂಭವಾಯಿತು. ಆ ರಾಜ್ಯದ ಕೇಂದ್ರಗಳು ಹೆಸರಾದದ್ದು ಬಂದವರ ಕೈಗೆ ಒಂದು ಲೋಟ ಕಿತ್ತಳೆ ರಸವನ್ನು ಬಿಟ್ಟಿಯಾಗಿ ಕೊಡುವುದಕ್ಕೆ. ಜಪಾನಿನಲ್ಲಿ 1993ರಲ್ಲಿ 103 ರಸ್ತೆ ನಿಲ್ದಾಣಗಳಿಂದ ಶುರುವಾದದ್ದು ಈಗ ಸಾವಿರದ ಇನ್ನೂರನ್ನು ದಾಟಿದೆ. ಹಗಲು ರಾತ್ರಿ ತೆರೆದಿರುವ ಶೌಚಾಲಯ ಅಲ್ಲಿ ಕಡ್ಡಾಯ, ಪಕ್ಕದಲ್ಲೇ ಸುತ್ತಲಿನ ರೈತರ ಮಾಲು. ನಮಗೆ ಇದೇನೂ ಅಪರಿಚಿತ ವಿಚಾರವಲ್ಲ. ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುತ್ತಿದ್ದವರ ಮೊಮ್ಮಕ್ಕಳು ನಾವು.

ಖರ್ಚಿನ ಮಾತಿಗೆ ಬರೋಣ. ರುಚಿ ನೋಡಲು ಸಣ್ಣ ಲೋಟಕ್ಕೆ 5 ಗ್ರಾಂ ಪುಡಿ ಎಂದು ಹಿಡಿಯಿರಿ. ದಿನಕ್ಕೆ ಸಾವಿರ ಮಂದಿಗೆ 5 ಕಿಲೋ, ವರ್ಷಕ್ಕೆ 1,825 ಕಿಲೋ. ಹುರಿಯುವಾಗ ಆರರಲ್ಲಿ ಒಂದು ಪಾಲು ತೂಕ ಹೋಗುತ್ತದೆ. ಅಂದರೆ ಸುಮಾರು 2,190 ಕಿಲೋ ಬೀಜ, ಐವತ್ತು ಕಿಲೋದ 44 ಚೀಲ. ಇಡೀ ರಾಜ್ಯದ ಬೆಳೆಗಾರರ ನಡುವೆ ಹಂಚಿದರೆ ಇದು ಒಬ್ಬೊಬ್ಬರ ಕಣದಲ್ಲಿ ಚೆಲ್ಲಿಹೋಗುವಷ್ಟೂ ಆಗುವುದಿಲ್ಲ. ಹಾಲು, ಸಕ್ಕರೆ, ಇಬ್ಬರ ಸಂಬಳ ಬೇರೆ ಇದೆ ನಿಜ. ಅದನ್ನು ಪಕ್ಕದಲ್ಲಿ ಪೊಟ್ಟಣ ಮಾರಿದ ಲಾಭದಿಂದ ಎಷ್ಟು ತುಂಬಿಸಬಹುದೆಂದು ಸಂಘದ ಲೆಕ್ಕಿಗರು ಹೇಳಲಿ. ಪುಡಿಗೆ ಚಿಕೋರಿ ಬೆರೆಸಿ ಉಳಿತಾಯ ಮಾಡುವ ಸಲಹೆಯನ್ನು ಮಾತ್ರ ದಯವಿಟ್ಟು ಯಾರೂ ತರಬೇಡಿ.

ಅಡಿಕೆಯ ವಿಷಯದಲ್ಲಿ ನಮ್ಮ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಮನೆಯ ಕವಳದ ತಟ್ಟೆ ಬೇರೆ, ಹೆದ್ದಾರಿಯಲ್ಲಿ ಕಂಡಕಂಡವರಿಗೆ ಹಂಚುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿರುವಾಗ, ಅದರ ಮೇಲೆ ನಮ್ಮವರ ತಕರಾರು ಏನೇ ಇರಲಿ, ಮಕ್ಕಳು ಬರುವ ಜಾಗದಲ್ಲಿ ಅದನ್ನು ಇಡುವುದು ಸಲ್ಲ. ಅಡಿಕೆ ತೋಟದ ಹೆಸರು ಉಳಿಸಲು ಬೇರೆ ದಾರಿಗಳಿವೆ. ಮರಕ್ಕೆ ಹಬ್ಬಿದ ಕಾಳುಮೆಣಸು ಇದೆ, ನೆರಳಲ್ಲಿ ಬೆಳೆದ ಕೊಕ್ಕೋ ಇದೆ. 1973ರಲ್ಲಿ ಅಡಿಕೆಗಾಗಿ ಹುಟ್ಟಿದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟಿದ್ದು ಸಣ್ಣ ಮಾತಲ್ಲ. ಗಡಿ ದಾಟಿದ ಮಗುವಿನ ಕೈಗೆ ಆ ಚಾಕೊಲೇಟ್ ಬರಲಿ, ಪಕ್ಕದಲ್ಲಿ ಗೋಕಾಕದ ಕರದಂಟೂ ಇರಲಿ. ಆ ಸೀಮೆಯ ಮಾಲಿಗೆ ಮೊದಲ ಜಾಗ ಕೊಡದೆ ನಾವು ಮಲೆನಾಡಿನವರು ಅಲ್ಲಿ ಅಂಗಡಿ ಇಡುವುದು ಸಭ್ಯತೆಯಲ್ಲ.

ತೊಡಕು ಇರುವುದು ಜಾಗದಲ್ಲಿ. ಹೆದ್ದಾರಿ ಪ್ರಾಧಿಕಾರದವರು 40ರಿಂದ 60 ಕಿಲೋಮೀಟರಿಗೊಂದರಂತೆ ಪ್ರಯಾಣಿಕರ ಸೌಲಭ್ಯದ ತಾಣಗಳನ್ನು ಮಾಡಿಸುವ ಯೋಜನೆ ಹಾಕಿಕೊಂಡಿದ್ದಾರೆ. ಅದನ್ನು ಟೆಂಡರಿನಲ್ಲಿ ಹಿಡಿಯುವವರು ದೊಡ್ಡ ಬಂಡವಾಳದವರು. ಅವರು ಕೇಳುವ ಬಾಡಿಗೆಗೆ ಸಣ್ಣ ಬೆಳೆಗಾರರ ಸಂಘ ಬಾಗಿಲಿಗೂ ಹೋಗಲಾರದು. ಆದರೆ ರೈಲ್ವೆಯವರು 2022ರಿಂದ ನಿಲ್ದಾಣಗಳಲ್ಲಿ ಆಯಾ ಊರಿನ ಮಾಲಿಗೆ ಅಲ್ಪ ಶುಲ್ಕದಲ್ಲಿ ಮಳಿಗೆ ಕೊಡುತ್ತಿದ್ದಾರಲ್ಲ? ರೈಲಿನಲ್ಲಿ ಆಗುವುದು ರಸ್ತೆಯಲ್ಲಿ ಏಕಾಗಬಾರದು?

ಆದ್ದರಿಂದ ಈ ಸಲದ ವಾರ್ಷಿಕ ಮಹಾಸಭೆಗಳಲ್ಲಿ, ಡಿವಿಡೆಂಡಿನ ಚರ್ಚೆ ಮುಗಿದು ಊಟಕ್ಕೆ ಏಳುವ ಮೊದಲು, ಪ್ರತಿ ಸಂಘವೂ ಒಂದು ಗೊತ್ತುವಳಿ ಮಾಡಬೇಕೆಂದು ಕೋರುತ್ತೇವೆ. ಗಡಿಯ ಮೊದಲ ಸೌಲಭ್ಯ ತಾಣದಲ್ಲಿ ಉತ್ಪಾದಕರ ಸಹಕಾರಿಗಳಿಗೆ ಒಂದು ಮಳಿಗೆ ಮೀಸಲಿರಬೇಕು. ಅದರ ಪಕ್ಕದಲ್ಲಿ ಹಗಲು ರಾತ್ರಿ ನೀರಿರುವ, ಬೀಗವಿಲ್ಲದ ಹೆಂಗಸರ ಶೌಚಾಲಯ ಇರಬೇಕು, ಇದನ್ನು ಮೊದಲ ಷರತ್ತಾಗಿ ಬರೆಯಿರಿ. ಆರಂಭದ ವರ್ಷದ ಪುಡಿಯನ್ನು ಸಂಘಗಳು ತಿಂಗಳಿಗೊಬ್ಬರಂತೆ ಸರದಿಯಲ್ಲಿ ಒದಗಿಸಲಿ; ಒಬ್ಬೊಬ್ಬರ ಪಾಲಿಗೆ ನಾಲ್ಕು ಚೀಲವೂ ಬರುವುದಿಲ್ಲ. ಗೊತ್ತುವಳಿಯ ಒಂದು ಪ್ರತಿ ಹೆದ್ದಾರಿ ಪ್ರಾಧಿಕಾರಕ್ಕೆ, ಒಂದು ರಾಜ್ಯದ ಪ್ರವಾಸೋದ್ಯಮ ಇಲಾಖೆಗೆ, ಇನ್ನೊಂದು ಕಾಫಿ ಮಂಡಳಿಗೆ ಹೋಗಲಿ.