ಬೋರ್‌ವೆಲ್ ಕಂಡವರೂ ತೈಲ ಮುಗಿಯಲ್ಲ ಅಂತೀರಾ?

ಸಲ್ಮಾನಿಯಾದ ಚಹಾ ಅಂಗಡಿಗಳ ಮುಂದೆ ನಮ್ಮೂರಿನವರ ಬಾಯಲ್ಲಿ ಈ ವಾಟ್ಸಾಪ್ ಪಾಂಡಿತ್ಯ ನೀವೂ ಕೇಳಿರ್ತೀರಿ: "ತೈಲ ಡೈನೋಸಾರ್‌ನಿಂದ ಬಂದಿದ್ದಲ್ಲ ಮಾರಾಯ್ರೆ, ಭೂಮಿ ಒಳಗೇ ತಯಾರಾಗ್ತಾ ಇರುತ್ತೆ. ಮುಗಿಯೋ ಮಾತೇ ಇಲ್ಲ." ಡೈನೋಸಾರ್ ವಿಷಯ ಸರಿ. ಸಮುದ್ರದ ಪಾಚಿ, ಪ್ಲಾಂಕ್ಟನ್ ಕೆಸರಲ್ಲಿ ಹೂತು, ಕೋಟ್ಯಂತರ ವರ್ಷ ಭೂಮಿಯ ಬಿಸಿಗೆ ಬೆಂದು ಆದದ್ದು ತೈಲ. ಉಳಿದದ್ದಕ್ಕೆ ನನ್ನ ತಕರಾರಿದೆ.

ಈ ವಾದ ಬೀದಿಯಲ್ಲಿ ಹುಟ್ಟಿದ್ದಲ್ಲ, ಒಪ್ಪೋಣ. 1951ರಲ್ಲಿ ಸೋವಿಯತ್ ಭೂವಿಜ್ಞಾನಿ ನಿಕೊಲಾಯ್ ಕುದ್ರ್ಯಾವ್‌ತ್ಸೆವ್ ಮಂಡಿಸಿದರು. ಆಮೇಲೆ ಖಗೋಳ ವಿಜ್ಞಾನಿ ಥಾಮಸ್ ಗೋಲ್ಡ್ ಹಿಡಿದುಕೊಂಡರು. ಗೋಲ್ಡ್ ಮಾತು ನಂಬಿ 1980ರ ದಶಕದಲ್ಲಿ ಸ್ವೀಡನ್ನಿನ ಸಿಲ್ಯಾನ್‌ನಲ್ಲಿ ಗ್ರಾನೈಟನ್ನು ಆರು ಕಿಲೋಮೀಟರಿಗೂ ಹೆಚ್ಚು ಆಳ ಕೊರೆದರು. ಮಾರುವಷ್ಟು ತೈಲವೂ ಸಿಗಲಿಲ್ಲ, ಗ್ಯಾಸೂ ಸಿಗಲಿಲ್ಲ. ಕಚ್ಚಾ ತೈಲದಲ್ಲಿ ಎಲೆಯ ಹಸಿರಿನ ಅವಶೇಷವಾದ ಪೋರ್ಫಿರಿನ್ ಇರೋದನ್ನ ಆಲ್ಫ್ರೆಡ್ ಟ್ರೈಬ್ಸ್ 1930ರ ದಶಕದಲ್ಲೇ ತೋರಿಸಿದ್ದರು.

ಇರಲಿ, ಗೋಲ್ಡ್ ಗೆದ್ದರು ಅಂತಲೇ ಇಟ್ಕೊಳ್ಳಿ. ಆಗಲೂ ನಮಗೆ ಬೇಕಾದ ಪ್ರಶ್ನೆ ತೈಲದ ಹುಟ್ಟಿನದ್ದಲ್ಲ, ವೇಗದ್ದು. ಕೋಲಾರದ ರೈತರನ್ನ ಕೇಳಿ. ಮಳೆನೀರು ನೆಲಕ್ಕೆ ಇಂಗುತ್ತೆ ಅನ್ನೋದಕ್ಕೆ ಯಾವ ಸಿದ್ಧಾಂತವೂ ಬೇಡ. ಆದರೂ ಅಲ್ಲಿ ಸಾವಿರ ಅಡಿ ಬೋರ್‌ವೆಲ್‌ಗಳೂ ಬತ್ತಿವೆ. ಇಂಗೋದಕ್ಕಿಂತ ಎತ್ತೋದು ಜಾಸ್ತಿ.

ಬಹರೈನ್‌ನ ಗ್ರಾಫ್ ನೋಡಿ. 1932ರಲ್ಲಿ ಜಬಲ್ ದುಖಾನ್ ಬಳಿ ತೈಲ ಸಿಕ್ಕಿತು, ಕೊಲ್ಲಿಯ ಅರಬ್ ದಂಡೆಯಲ್ಲಿ ಅದೇ ಮೊದಲು. 1970ರ ಸುಮಾರಿಗೆ ಆ ಕ್ಷೇತ್ರ ದಿನಕ್ಕೆ 75 ಸಾವಿರ ಬ್ಯಾರಲ್ ದಾಟಿತ್ತು. 2000ದ ದಶಕದ ಹೊತ್ತಿಗೆ ಹೆಚ್ಚುಕಮ್ಮಿ ಅರ್ಧ. 2009ರ ನಂತರ ನೂರಾರು ಹೊಸ ಬಾವಿ ಕೊರೆದರು. ಸ್ವಲ್ಪ ಏರಿತು, ಹಳೇ ಎತ್ತರಕ್ಕೆ ಮರಳಲಿಲ್ಲ. ಕೆಳಗಿಂದ ತುಂಬ್ತಾ ಇದ್ದಿದ್ರೆ ಈ ಗೆರೆ ಹೀಗೆ ಬೀಳ್ತಿತ್ತಾ?

"2018ರಲ್ಲಿ 80 ಬಿಲಿಯನ್ ಬ್ಯಾರಲ್ ಸಿಕ್ತಲ್ಲ?" ಅಂತೀರಿ. ಅದು ಬಂಡೆಯೊಳಗೆ ಇದೆ ಅಂತ ಅಂದಾಜಿಸಿದ ಒಟ್ಟು ಲೆಕ್ಕ. ಬಿಗಿ ಬಂಡೆಯ ತೈಲದಲ್ಲಿ ಕೈಗೆ ಸಿಗೋದು ಸಣ್ಣ ಪಾಲು, ಅದೂ ದುಬಾರಿ. ಫಾರ್ವರ್ಡ್ ಮಾಡೋರು ಈ ಸಾಲನ್ನೇ ಕತ್ತರಿಸ್ತಾರೆ.

2016ರಲ್ಲಿ ಇಲ್ಲಿ ಪೆಟ್ರೋಲ್ ದರ ಏರಿತು, 2019ರಲ್ಲಿ ವ್ಯಾಟ್ ಬಂತು, 2022ರಲ್ಲಿ ಅದು ಶೇ. 10 ಆಯ್ತು. ತೈಲದ ಬೆಲೆ ಕುಸಿದದ್ದೂ ಕಾರಣ, ನಿಜ. ಆದರೆ ಬರೀ ತೈಲ ನೆಚ್ಚಿಕೊಂಡು ಕೂರೋಕಾಗಲ್ಲ ಅಂತ ಈ ದೇಶವೇ ಲೆಕ್ಕ ಹಾಕ್ತಿರುವಾಗ, ಇಲ್ಲಿನ ಸಂಬಳ ನಂಬಿ ಊರಲ್ಲಿ ಇಪ್ಪತ್ತು ವರ್ಷದ ಮನೆ ಸಾಲ ಎತ್ತೋ ನೀವು ಯಾವ ಗ್ರಾಫ್ ನೋಡ್ತಿದ್ದೀರಿ? ಆ ವಿಡಿಯೋ ಕಳಿಸಿದವರನ್ನೇ ಕೇಳಿ: ದಿನಕ್ಕೆ ಎಷ್ಟು ಬ್ಯಾರಲ್ ಹುಟ್ಟುತ್ತಂತೆ?