ಹಳೆಯ ಒಂದನೆಯ ನಂಬರು

ನಮ್ಮ ಮನೆಯಲ್ಲಿ ಒಂದು ತೊಟ್ಟಿಲುಂಟು. ನಾಲ್ಕು ತಲೆಮಾರಿನ ಶಿಶುಗಳು ಅದರಲ್ಲಿ ಮಲಗಿ ಎದ್ದಿವೆ. ಕಳೆದ ತಿಂಗಳು ನಾಮಕರಣದ ನಿಮಿತ್ತ ಅದನ್ನು ಅಟ್ಟದಿಂದ ಇಳಿಸಿದಾಗ ತಳದ ಹಲಗೆಗೆ ಹುಳು ಹಿಡಿದಿರುವುದು ಕಂಡುಬಂದು, ಬಡಗಿಯನ್ನು ಕರೆಯಿಸಿದೆವು. ಆತನು ಹಲಗೆಯನ್ನು ಬದಲಿಸುತ್ತಿದ್ದಂತೆ ಮನೆಯ ಹಿರಿಯರು ಹಿಂದಿನದನ್ನು ನೆನೆದು, ಸರಪಳಿಗಳನ್ನು ತಮ್ಮ ತಂದೆಯವರು ಹೊಸದಾಗಿ ಹಾಕಿಸಿದರೆಂದೂ, ಪಕ್ಕದ ಸರಳುಗಳನ್ನು ತಾವೇ ಮಾಡಿಸಿದುದೆಂದೂ ಹೇಳಿದರು. ಬಳಿಯಲ್ಲಿಯೇ ನಿಂತು ಕೇಳುತ್ತಿದ್ದ ಹುಡುಗಿಯು, "ಹಾಗಾದರೆ ತಾತ, ಮುತ್ತಜ್ಜಿಯ ತೊಟ್ಟಿಲು ಎಲ್ಲಿ ಹೋಯಿತು?" ಎಂದಳು. ಎಲ್ಲರೂ ನಕ್ಕರು. ಆದರೆ ಉತ್ತರವನ್ನು ಯಾರೂ ಹೇಳಲಿಲ್ಲ.

ಮಗುವಿನ ಪ್ರಶ್ನೆಯೆಂದು ಇದನ್ನು ತಳ್ಳಿಬಿಡುವ ಹಾಗಿಲ್ಲ. 1990ನೆಯ ಇಸವಿಯಲ್ಲಿ ಇದೇ ಪ್ರಶ್ನೆಯು ಇಂಗ್ಲೆಂಡಿನ ಉಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಅಲ್ಲಿ ವಿವಾದಕ್ಕೆ ಕಾರಣವಾದುದು ಒಂದು ಹಳೆಯ ಮೋಟಾರು ಗಾಡಿ. ಅದರ ಬೆಲೆಯೆಂದು ಗೊತ್ತಾಗಿದ್ದುದು ಒಂದು ಕೋಟಿ ಪೌಂಡು. ಆ ಗಾಡಿಯ ಕಥೆಯನ್ನು ಈ ತಿಂಗಳು ನಮ್ಮ ಓದುಗರಿಗೆ ಹೇಳಬೇಕೆಂದು ಮನಸ್ಸಾಗಿದೆ.

ವಾಲ್ಟರ್ ಓವನ್ ಬೆಂಟ್ಲಿ ಎಂಬಾತನು 1919ರಲ್ಲಿ ತನ್ನ ಹೆಸರಿನಿಂದಲೇ ಮೋಟಾರು ಕಂಪನಿಯೊಂದನ್ನು ಸ್ಥಾಪಿಸಿ, ಲಂಡನ್ನಿನ ಉತ್ತರದ ಕ್ರಿಕಲ್‌ವುಡ್ಡಿನಲ್ಲಿ ಕಾರ್ಖಾನೆಯನ್ನು ನಡೆಯಿಸಿದನು. ಆತನು ಯೌವನದಲ್ಲಿ ಡಾಂಕಾಸ್ಟರಿನ ರೈಲ್ವೆ ಕಾರ್ಖಾನೆಯಲ್ಲಿ ಉಮೇದುವಾರನಾಗಿ ಕೆಲಸ ಕಲಿತವನು. ಉಗಿಯಂತ್ರಗಳಲ್ಲಿ ಕೈಪಳಗಿದ್ದುದರ ಗುರುತು ಆತನ ಮೋಟಾರುಗಳಲ್ಲಿಯೂ ಕಾಣುತ್ತಿತ್ತು. ಆತನ ಆರೂವರೆ ಲೀಟರಿನ ಇಂಜಿನ್ನಿನಲ್ಲಿ ಮೇಲಣ ಕವಾಟಗಳನ್ನು ಆಡಿಸುವ ದಂಡವು ತಿರುಗಬೇಕಾದರೆ ಸರಪಳಿಯಿಂದಲ್ಲ, ರೈಲು ಇಂಜಿನ್ನಿನ ಚಕ್ರಗಳನ್ನು ಜೋಡಿಸಿರುವಂಥ ಮೂರು ಉದ್ದನೆಯ ಸಲಾಕೆಗಳಿಂದ. ಇದೇ ಇಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿ 1928ರಿಂದ 1930ರ ವರೆಗೆ ಕಟ್ಟಿದ ಗಾಡಿಗಳಿಗೆ 'ಸ್ಪೀಡ್ ಸಿಕ್ಸ್' ಎಂದು ಹೆಸರು. ಆರು ಕೊಳವೆಗಳು, ಒಂದೊಂದಕ್ಕೆ ನಾಲ್ಕು ಕವಾಟಗಳು. ಓಟಕ್ಕಾಗಿ ಸಿದ್ಧಪಡಿಸಿದ ಗಾಡಿಗಳಲ್ಲಿ ಸುಮಾರು 200 ಅಶ್ವಶಕ್ತಿ. ಒಟ್ಟು ಕಟ್ಟಿದ್ದು 182 ಗಾಡಿಗಳು ಮಾತ್ರ.

ಆ ಕಾಲದಲ್ಲಿ ಮೋಟಾರು ಗಾಡಿಯ ಸತ್ತ್ವವನ್ನು ಪರೀಕ್ಷಿಸುವ ಒರೆಗಲ್ಲೆಂದರೆ ಫ್ರಾನ್ಸ್ ದೇಶದ ಲ ಮಾನ್ ಎಂಬ ಊರಿನ ಓಟ. 1923ರಲ್ಲಿ ಮೊದಲಾದ ಈ ಪಂದ್ಯದಲ್ಲಿ ಗಾಡಿಯು ಹಗಲೂ ಇರುಳೂ 24 ಗಂಟೆಗಳ ಕಾಲ ಓಡಬೇಕು. ಸಾರಥಿಗಳಿಬ್ಬರು ಸರದಿಯಂತೆ ನಡೆಸಬೇಕು. 1929ರಲ್ಲಿ ವುಲ್ಫ್ ಬಾರ್ನಾಟೋ ಮತ್ತು ಟಿಮ್ ಬರ್ಕಿನ್ ಎಂಬಿಬ್ಬರು ಸ್ಪೀಡ್ ಸಿಕ್ಸ್ ಗಾಡಿಯೊಂದನ್ನು ನಡೆಸಿ ಮೊದಲ ಸ್ಥಾನವನ್ನು ಪಡೆದರು. ಎರಡು, ಮೂರು, ನಾಲ್ಕನೆಯ ಸ್ಥಾನಗಳೂ ಬೆಂಟ್ಲಿ ಗಾಡಿಗಳಿಗೇ ಸಂದುವು. ಗೆದ್ದ ಗಾಡಿಯ ಮೈಮೇಲೆ ಅಂದು 1 ಎಂಬ ಅಂಕೆಯಿತ್ತು. ಮರುವರ್ಷ ಅದೇ ಗಾಡಿಯನ್ನು ಬಾರ್ನಾಟೋ ಮತ್ತು ಗ್ಲೆನ್ ಕಿಡ್‌ಸ್ಟನ್ ನಡೆಸಿ, 1,800 ಮೈಲಿಗೂ ಮಿಕ್ಕ ದೂರ ಓಡಿಸಿ, ಮತ್ತೆ ಗೆದ್ದರು. ಈ ಸಲ ಅದರ ಮೈಮೇಲಿದ್ದ ಅಂಕೆ 4. ಲ ಮಾನಿನಲ್ಲಿ ಒಂದೇ ಗಾಡಿಯು ಎರಡು ವರ್ಷ ಸತತವಾಗಿ ಗೆದ್ದುದು ಅದೇ ಮೊದಲು. ಜನರು ಅದನ್ನು ಅಕ್ಕರೆಯಿಂದ 'ಓಲ್ಡ್ ನಂಬರ್ ಒನ್', ಎಂದರೆ 'ಹಳೆಯ ಒಂದನೆಯ ನಂಬರು' ಎಂದು ಕರೆದರು.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಓಟದ ಗಾಡಿಯೆಂಬುದು ಕಾರ್ಖಾನೆಯಿಂದ ಹೊರಟ ದಿನ ಇದ್ದಂತೆಯೇ ಎಂದೂ ಉಳಿಯುವುದಿಲ್ಲ. ಪಂದ್ಯ ಮುಗಿದೊಡನೆ ಅದನ್ನು ಬಿಚ್ಚಿ, ಸವೆದುದನ್ನು ತೆಗೆದು, ಹೊಸದನ್ನು ಹಾಕಿ, ಮುಂದಿನ ಪಂದ್ಯಕ್ಕೆ ಅಣಿಮಾಡುವರು. ಹೀಗಾಗಿ 1930ರಲ್ಲಿ ಗೆದ್ದ ಗಾಡಿಯೇ 1929ರ ಗಾಡಿಗಿಂತ ಎಷ್ಟೋ ಬೇರೆಯಾಗಿದ್ದಿತು. ಆದರೂ ಅದು ಬೇರೊಂದು ಗಾಡಿಯೆಂದು ಅಂದು ಯಾರೂ ಹೇಳಲಿಲ್ಲ.

1931ರಲ್ಲಿ ಬೆಂಟ್ಲಿ ಕಂಪನಿಯು ಸಾಲದಲ್ಲಿ ಮುಳುಗಿ ರೋಲ್ಸ್ ರಾಯ್ಸ್ ಕಂಪನಿಯವರ ವಶವಾಯಿತು. ತಾಯಿಮನೆ ಮುಳುಗಿದರೂ ಮಗಳು ಓಡುತ್ತಲೇ ಇದ್ದಳು. ಅದೇ ವರ್ಷ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿಯ 500 ಮೈಲಿಗಳ ಪಂದ್ಯದಲ್ಲಿ ಜಾಕ್ ಡನ್‌ಫೀ ಮತ್ತು ಸಿರಿಲ್ ಪಾಲ್ ಈ ಗಾಡಿಯನ್ನು ಗಂಟೆಗೆ 118 ಮೈಲಿಗೂ ಮಿಕ್ಕ ಸರಾಸರಿ ವೇಗದಿಂದ ನಡೆಸಿ ಜಯಶಾಲಿಗಳಾದರು. 1932ರ ಪಂದ್ಯಕ್ಕೆ ಅದರೊಳಗೆ ಇನ್ನೂ ದೊಡ್ಡದಾದ ಎಂಟು ಲೀಟರಿನ ಇಂಜಿನ್ನನ್ನು ಕೂರಿಸಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಜಾಕ್ ಡನ್‌ಫೀಯೂ ಆತನ ತಮ್ಮನಾದ ಕ್ಲೈವನೂ ಗಾಡಿಯನ್ನು ಹಂಚಿಕೊಂಡು ನಡೆಸಿದರು. ಬ್ರೂಕ್‌ಲ್ಯಾಂಡ್ಸಿನ ಕಾಂಕ್ರೀಟು ಹಾದಿಯು ತಿರುವುಗಳಲ್ಲಿ ಗೋಡೆಯಂತೆ ಎತ್ತರವಾಗಿ ಓರೆಯಾಗಿ ಏರಿತ್ತು. ಕ್ಲೈವನ ಸರದಿಯಲ್ಲಿ ಗಾಡಿಯು ಆ ಏರಿನ ಮೇಲಂಚನ್ನು ದಾಟಿ ಆಚೆಗೆ ಹಾರಿಹೋಯಿತು. ಕ್ಲೈವನು ಮಡಿದನು. ಜಯದ ಮೇಲೆ ಜಯವನ್ನು ತಂದುಕೊಟ್ಟ ಗಾಡಿಯು ಮುರಿದು ಬಿದ್ದಿತು.

ಅಲ್ಲಿಗೆ ಕಥೆ ಮುಗಿಯಬಹುದಾಗಿತ್ತು. ಆದರೆ ಮುರಿದುದನ್ನು ಎಸೆಯಲಿಲ್ಲ. ಅದನ್ನು ಸರಿಪಡಿಸಿ, ಓಟಕ್ಕಲ್ಲದೆ ರಸ್ತೆಯಲ್ಲಿ ಸಂಚರಿಸುವುದಕ್ಕೆ ತಕ್ಕ ಗಾಡಿಯನ್ನಾಗಿ ಮಾಡಿ, ಬೇರೆ ಮೈಯನ್ನು ತೊಡಿಸಿದರು. ಅನಂತರ ಕೈಯಿಂದ ಕೈಗೆ ಬದಲಾಗುತ್ತ, ದಶಕಗಳ ತರುವಾಯ ಅದು ಮತ್ತೆ ಓಟದ ವೇಷವನ್ನು ಧರಿಸಿತು. 1990ರಲ್ಲಿ ಅಂದಿನ ಮಾಲೀಕರು ಅದನ್ನು ಒಂದು ಕೋಟಿ ಪೌಂಡಿಗೆ ಮಾರುವುದಾಗಿ ಒಂದು ಕಂಪನಿಯೊಡನೆ ಕರಾರು ಮಾಡಿಕೊಂಡರು. ಕೊಳ್ಳುವವರು ಹಿಂಜರಿದರು. "ಇದು ಲ ಮಾನಿನಲ್ಲಿ ಗೆದ್ದ ಗಾಡಿಯಲ್ಲ, ಆ ಗಾಡಿ ಈಗ ಇಲ್ಲವೇ ಇಲ್ಲ" ಎಂಬುದು ಅವರ ವಾದ. ಮಾಲೀಕರು ನ್ಯಾಯಾಲಯದ ಮೊರೆಹೊಕ್ಕರು.

ನ್ಯಾಯಮೂರ್ತಿ ಆಟನ್ನರ ಮುಂದೆ ಬಲ್ಲವರು ಗಾಡಿಯ ಒಂದೊಂದು ಅಂಗವನ್ನೂ ಎಣಿಸಿ ಲೆಕ್ಕವನ್ನೊಪ್ಪಿಸಿದರು. ಆ ಲೆಕ್ಕವು ಮಾಲೀಕರಿಗೆ ಸುಖಕರವಾಗಿರಲಿಲ್ಲ. ಇಂಥ ವರ್ಷದ್ದೆಂದು ಹೇಳಲಾಗದ ಕೆಲವು ಸಣ್ಣಪುಟ್ಟ ಜೋಡಣೆಗಳನ್ನು ಬಿಟ್ಟರೆ 1929ರ ಗಾಡಿಯಲ್ಲಿ ಏನೂ ಉಳಿದಿರಲಿಲ್ಲ. 1930ರ ಗಾಡಿಯಿಂದ ಉಳಿದುದು ಮೂರು: ಪೆಡಲುಗಳನ್ನು ಹೊತ್ತ ದಂಡ, ಗೇರುಪೆಟ್ಟಿಗೆಯ ಕವಚ, ಸ್ಟಿಯರಿಂಗ್ ಚಕ್ರದ ಕಂಬ. ಎಂಟು ಲೀಟರಿನ ಇಂಜಿನ್ನು, ಮುಂದಿನ ಅಚ್ಚು ಮುಂತಾಗಿ ಹೆಚ್ಚಿನ ಭಾಗಗಳು 1932ರ ಗಾಡಿಯವು. ಮೈಯಂತೂ ಹೊಸದೇ.

ಇಷ್ಟನ್ನು ಕೇಳಿದ ಮೇಲೆ ತೀರ್ಪು ಏನಾಗಬಹುದೆಂದು ಓದುಗರು ಊಹಿಸಿಯಾರು. ಆದರೆ ನ್ಯಾಯಮೂರ್ತಿಗಳು ಆ ವರ್ಷದ ಜುಲೈ ತಿಂಗಳಲ್ಲಿ ಮಾಲೀಕರ ಪರವಾಗಿಯೇ ತೀರ್ಪನ್ನು ಕೊಟ್ಟರು. ಅವರು ಮಾಡಿದ ವಿವೇಚನೆಯು ಸೂಕ್ಷ್ಮವಾದುದು. 'ಮೂಲ ಗಾಡಿ' ಎಂಬ ಮಾತು ಇದಕ್ಕೆ ಸಲ್ಲದು. ಏಕೆಂದರೆ ಮೊದಲು ಹೊರಟಾಗ ಇದ್ದ ಅಂಗಗಳು ಇದರಲ್ಲಿಲ್ಲ. ಆದರೆ 'ಪ್ರತಿಕೃತಿ' ಎಂಬ ಮಾತೂ ಸಲ್ಲದು, 'ಪುನರ್ನಿರ್ಮಾಣ' ಎಂಬ ಮಾತೂ ಸಲ್ಲದು. ಏಕೆಂದರೆ ಈ ಗಾಡಿಯು ಇಲ್ಲವಾಗಿ ಮತ್ತೆ ಹುಟ್ಟಿದುದಲ್ಲ. ಒಂದೊಂದು ಅಂಗವೂ ಬೇರೆ ಬೇರೆ ಕಾಲದಲ್ಲಿ ಬಂದು, ಅದುವರೆಗೆ ಇದ್ದುದರೊಡನೆ ಬೆರೆತು ಒಂದಾಯಿತು. ಯಾವ ಒಂದು ದಿನವನ್ನು ತೋರಿಸಿಯೂ "ಇಂದು ಹಳೆಯ ಗಾಡಿ ಅಳಿಯಿತು, ಹೊಸ ಗಾಡಿ ಹುಟ್ಟಿತು" ಎನ್ನುವ ಹಾಗಿಲ್ಲ. ಆದುದರಿಂದ ಇದು ಅಸಲಿಯಾದ ಓಲ್ಡ್ ನಂಬರ್ ಒನ್ನೇ ಸರಿ, ಕರಾರು ನಡೆಯತಕ್ಕದ್ದು. ಇದು ತೀರ್ಪಿನ ತಿರುಳು.

ನಮ್ಮ ದೇಶದವರಿಗೆ ಈ ಬಗೆಯ ವಿಚಾರವು ತೀರ ಹೊಸದೇನಲ್ಲ. 'ಮಿಲಿಂದ ಪಞ್ಹ' ಎಂಬ ಪಾಲಿ ಗ್ರಂಥದಲ್ಲಿ ಭಿಕ್ಷುವಾದ ನಾಗಸೇನನು ರಥವನ್ನೇರಿ ಬಂದ ಮಿಲಿಂದ ರಾಜನನ್ನು, ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ ಎಂದು ಒಂದೊಂದಾಗಿ ಕೇಳುತ್ತಾನೆ. ರಾಜನು ಎಲ್ಲಕ್ಕೂ ಅಲ್ಲವೆನ್ನಬೇಕಾಗುತ್ತದೆ. ಲಂಡನ್ನಿನ ನ್ಯಾಯಾಲಯದಲ್ಲಿಯೂ ಅಂಗಗಳನ್ನೆಣಿಸಿ ಗಾಡಿಯನ್ನು ಹುಡುಕಿದವರಿಗೆ ಗಾಡಿ ಸಿಕ್ಕಲಿಲ್ಲ. ಅದರ ನಡೆದುಬಂದ ದಾರಿಯನ್ನು ನೋಡಿದವರಿಗೆ ಸಿಕ್ಕಿತು.

ಈ ಮಾತಿಗೆ ಪ್ರತ್ಯುದಾಹರಣೆಯೂ ಉಂಟು. ಈಗ ಬೆಂಟ್ಲಿ ಹೆಸರನ್ನು ಹೊತ್ತಿರುವ ಕಂಪನಿಯವರು, ಹಳೆಯ ನಕ್ಷೆಗಳನ್ನನುಸರಿಸಿ ಹನ್ನೆರಡು ಸ್ಪೀಡ್ ಸಿಕ್ಸ್ ಗಾಡಿಗಳನ್ನು ಹೊಸದಾಗಿ ಕಟ್ಟುವುದಾಗಿ 2022ರಲ್ಲಿ ಪ್ರಕಟಿಸಿದರು. ಆಕಾರದಲ್ಲಿಯೂ ಅಳತೆಯಲ್ಲಿಯೂ ಅವು 1930ರ ಗಾಡಿಗಳಿಗೆ ಓಲ್ಡ್ ನಂಬರ್ ಒನ್ನಿಗಿಂತ ಹತ್ತಿರವಾಗಿರಬಹುದು. ಆದರೆ ಲ ಮಾನಿನ ಇರುಳನ್ನು ಅವು ಕಂಡಿಲ್ಲ. ಕ್ಲೈವ್ ಡನ್‌ಫೀಯನ್ನು ಅವು ಹೊತ್ತಿಲ್ಲ. ಅವುಗಳನ್ನು ಹಳೆಯವೆಂದು ಕಟ್ಟಿದವರೂ ಹೇಳುವುದಿಲ್ಲ.

ಹಾಗೆಂದ ಮಾತ್ರಕ್ಕೆ, ಹಳೆಯ ಗಾಡಿಗಳಿಗೆ ಏನು ಮಾಡಿದರೂ ಸಲ್ಲುವುದೆಂದು ತಿಳಿಯಬಾರದು. ಜೀರ್ಣೋದ್ಧಾರದ ಹೆಸರಿನಲ್ಲಿಯೇ ಎಷ್ಟೋ ಹಳೆಯ ಬೆಂಟ್ಲಿಗಳು ತಮ್ಮ ಇತಿಹಾಸವನ್ನು ಕಳೆದುಕೊಂಡಿವೆ. ಸಂಸಾರಸ್ಥರ ಓಡಾಟಕ್ಕೆಂದು ಮುಚ್ಚಿದ ಮೈಯನ್ನು ಕಟ್ಟಿಸಿಕೊಂಡಿದ್ದ ಗಾಡಿಗಳು ಅನೇಕವಿದ್ದುವು. ಲ ಮಾನಿನ ಕೀರ್ತಿಗೆ ಮರುಳಾದ ಮಂದಿ ಆ ಮೈಗಳನ್ನು ಕಿತ್ತೆಸೆದು, ಆಷ್ ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ತೆರೆದ ಓಟದ ಮೈಯನ್ನು ಹಾಕಿಸಿದರು. ನೋಟಕ್ಕೆ ಶೂರನಾದ ಗಾಡಿ, ತನ್ನದಲ್ಲದ ಪರಾಕ್ರಮವನ್ನು ಹೇಳಿಕೊಂಡು ತಿರುಗಬೇಕಾಯಿತು. ಇದಕ್ಕಿಂತಲೂ ಕಷ್ಟವಾದುದೊಂದುಂಟು. ಒಡೆದ ಗಾಡಿಯ ಚೌಕಟ್ಟು ಒಬ್ಬನ ಕೈಗೂ ಇಂಜಿನ್ನು ಮತ್ತೊಬ್ಬನ ಕೈಗೂ ಸೇರಿ, ಇಬ್ಬರೂ ಉಳಿದುದನ್ನು ಹೊಸದಾಗಿ ಮಾಡಿಸಿಕೊಂಡರೆ, ಒಂದೇ ಹೆಸರಿನ ಗಾಡಿಗಳು ಎರಡಾಗುವುವು! ಚೌಕಟ್ಟಿಗೂ ಇಂಜಿನ್ನಿಗೂ ಕಾರ್ಖಾನೆಯವರು ಹೊಡೆದ ನಂಬರುಗಳನ್ನು ಬಲ್ಲವರು ಮೊದಲು ತಡವಿ ನೋಡುವುದು ಇದಕ್ಕಾಗಿಯೇ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಟ್ಯೂರಿನ್ ನಗರದ ಹೆಸರಿನ ಒಂದು ಸನ್ನದನ್ನು ಅಂಗೀಕರಿಸಿತು. ಅದರ ಹುರುಳನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಉಳಿಸಬಹುದಾದುದನ್ನು ಬದಲಿಸಬೇಡಿ, ಬದಲಿಸಲೇಬೇಕಾದರೆ ಎಷ್ಟು ಬೇಕೋ ಅಷ್ಟನ್ನೇ ಬದಲಿಸಿ, ಹೊಸ ಭಾಗದ ಮೇಲೆ ಅದು ಹೊಸದೆಂದು ತಿಳಿಯುವ ಅಳಿಯದ ಗುರುತನ್ನು ಹಾಕಿ, ಮಾಡಿದ ಕೆಲಸವನ್ನೆಲ್ಲ ಬರೆದಿಡಿ. ಕಳೆದ ಕಾಲದ ಕುರುಹುಗಳನ್ನು ಮಿರುಗುವ ಬಣ್ಣದ ಕೆಳಗೆ ಮುಚ್ಚಿಬಿಡುವುದು ಜೀರ್ಣೋದ್ಧಾರವಲ್ಲ, ಮರೆವು.

ಓಲ್ಡ್ ನಂಬರ್ ಒನ್ನನ್ನು ಉಳಿಸಿದುದು ಅದರ ಉಕ್ಕಲ್ಲ. ಉಕ್ಕು ಬಹುಮಟ್ಟಿಗೆ ಹೋಗಿಬಿಟ್ಟಿತ್ತು. ಯಾವ ಇಂಜಿನ್ನು ಯಾವ ವರ್ಷ ಬಂದಿತು, ಯಾವ ಕಂಬ ಯಾವ ಓಟವನ್ನು ಕಂಡಿತು ಎಂಬುದನ್ನು ಬಲ್ಲವರು ಬಿಡಿಸಿ ಹೇಳುವಂತಿದ್ದುದರಿಂದ ಅದು ಉಳಿಯಿತು. ಆ ಲೆಕ್ಕದಲ್ಲಿ ನಾಚಿಕೆಪಡುವ ಸಂಗತಿಗಳೂ ಇದ್ದುವು. ಮಾಲೀಕರಿಗೆ ಪ್ರತಿಕೂಲವಾದ ಸಂಗತಿಗಳೂ ಇದ್ದುವು. ಅವನ್ನು ಮರೆಮಾಚದೆ ಎಲ್ಲರ ಮುಂದೆ ತೆರೆದಿಟ್ಟುದರಿಂದಲೇ ಗಾಡಿಯ ಹೆಸರು ನಿಂತಿತು.

ಇದನ್ನೆಲ್ಲ ಓದಿ ಮುಗಿಸಿದ ದಿನ ನಾವು ಬಡಗಿಯನ್ನು ಮತ್ತೊಮ್ಮೆ ಕರೆಯಿಸಿ, ತೊಟ್ಟಿಲಿನ ಹೊಸ ಹಲಗೆಯ ಅಡಿಯಲ್ಲಿ ಉಳಿಯಿಂದ ಇಸವಿಯನ್ನು ಕೆತ್ತಿಸಿದೆವು. ಸರಪಳಿ, ಸರಳು, ಹಲಗೆ, ಇವು ಯಾರ ಕಾಲದಲ್ಲಿ ಬಂದುವೆಂಬುದನ್ನು ಹಿರಿಯರಿಂದ ಕೇಳಿ, ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟವನ್ನು ಬರೆದೆವು. ಮೊದಲಿನಿಂದಲೂ ಇರುವುದು ತಲೆಯ ಕಡೆಯ ಎರಡು ಗಿಳಿಗಳು ಮಾತ್ರವೆಂದು ಆಗ ತಿಳಿಯಿತು. ಪ್ರಶ್ನೆ ಕೇಳಿದ ಹುಡುಗಿಯನ್ನು ಕರೆದು ಆ ಪುಟವನ್ನು ತೋರಿಸಿ, "ಮುತ್ತಜ್ಜಿಯ ತೊಟ್ಟಿಲು ಎಲ್ಲಿಯೂ ಹೋಗಿಲ್ಲ, ಮಗು. ಇಷ್ಟು ಜನ ಸೇರಿ ಅದನ್ನು ಇಲ್ಲಿಯವರೆಗೆ ತಂದಿದ್ದಾರೆ" ಎಂದೆವು. ಆಕೆಯು ಪುಟವನ್ನು ಓದಿ, ಕೆಳಗೆ ಉಳಿದಿದ್ದ ಜಾಗವನ್ನು ತೋರಿಸಿ, "ಇಲ್ಲಿ ನಾನು ಬರೆಯಬೇಕಲ್ಲವೆ?" ಎಂದಳು.

ನಮ್ಮ ಓದುಗರ ಮನೆಗಳಲ್ಲಿಯೂ ಇಂಥ ಹಳೆಯ ವಸ್ತುಗಳು ಒಂದೆರಡಾದರೂ ಇದ್ದೇ ಇರುವುವು. ಅವುಗಳ ಕಥೆಯನ್ನು ಬಲ್ಲವರು ಮನೆಯಲ್ಲಿರುವಾಗಲೇ ಕೇಳಿ ಬರೆದಿಡುವುದು ಲೇಸು.